ಹರ್ಮನ್ ಹಾಲೆರಿತ್: ಕಾರ್ಡ್ ಹೋಯಿತು, ಲೆಕ್ಕ ಉಳಿಯಿತು

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ

ಕಂಪ್ಯೂಟರ್ ಜಗತ್ತಿನ ಸಾಧಕರು ಎಂದ ಕೂಡಲೇ ನಮಗೆ ಬಿಲ್ ಗೇಟ್ಸ್, ಸ್ಟೀವ್ ಜಾಬ್ಸ್ ನೆನಪಾಗುತ್ತಾರೆ. ಅವರಿಗಿಂತ ನೂರು ವರ್ಷ ಮೊದಲೇ, ಕಂಪ್ಯೂಟರ್ ಎಂಬ ಯಂತ್ರವೇ ಇಲ್ಲದ ಕಾಲದಲ್ಲಿ, ಮಾಹಿತಿಯನ್ನು ಯಂತ್ರ ಓದುವಂತೆ ಕೂಡಿಡುವ ದಾರಿ ಕಂಡುಹಿಡಿದವರು ಹರ್ಮನ್ ಹಾಲೆರಿತ್. ಇಂದಿನ ಐಬಿಎಂ ಕಂಪನಿಯ ಬೇರುಗಳಲ್ಲಿ ಒಂದು ಅವರ ಚಿಕ್ಕ ಕಾರ್ಖಾನೆ.

ನಾನು ಓದುತ್ತಿರುವುದು ವಾಣಿಜ್ಯ. ನಮ್ಮ ಲೆಕ್ಕಶಾಸ್ತ್ರದಲ್ಲಿ ಒಂದು ವರ್ಷದ ಅಂತಿಮ ಶಿಲ್ಕು ಮುಂದಿನ ವರ್ಷದ ಆರಂಭಿಕ ಶಿಲ್ಕಾಗುತ್ತದೆ. ಪುಸ್ತಕ ಹೊಸದಾಗಬಹುದು, ಗುಮಾಸ್ತರು ಬದಲಾಗಬಹುದು, ಆದರೆ ಆ ಮೊತ್ತ ಬದಲಾಗುವಂತಿಲ್ಲ. ಯಂತ್ರಗಳ ಲೋಕದಲ್ಲೂ ಇಂಥದೇ ಒಂದು ನಿಯಮವಿದೆ. ಹೊಸ ವ್ಯವಸ್ಥೆ ಬಂದಾಗಲೂ ಹಳೆಯ ದಾಖಲೆಗಳು, ಹಳೆಯ ಪ್ರೋಗ್ರಾಂಗಳು ಮೊದಲಿನಂತೆಯೇ ನಡೆಯಬೇಕು. ಇದನ್ನು ಹಿಂದಿನದಕ್ಕೆ ಹೊಂದಿಕೊಳ್ಳುವ ಗುಣ ಎನ್ನಬಹುದು. ಹಾಲೆರಿತ್ ಅವರ ಜೀವನವನ್ನೂ ಅವರ ಕಾರ್ಡಿನ ಕಥೆಯನ್ನೂ ಓದಿದರೆ ಆ ನಿಯಮ ಎಲ್ಲಿಂದ ಬಂತು, ಅದು ಏಕೆ ಬೇಕು ಎಂಬುದು ಚೆನ್ನಾಗಿ ಅರ್ಥವಾಗುತ್ತದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಹಾಲೆರಿತ್ ಅವರು 1860ರ ಫೆಬ್ರವರಿ 29ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ ಜನಿಸಿದರು. ಅಂದರೆ ಅವರ ಹುಟ್ಟುಹಬ್ಬ ನಾಲ್ಕು ವರ್ಷಕ್ಕೊಮ್ಮೆ ಮಾತ್ರ ಬರುತ್ತಿತ್ತು. ತಂದೆ ತಾಯಿ ಜರ್ಮನಿಯಿಂದ ಬಂದು ಅಮೆರಿಕದಲ್ಲಿ ನೆಲೆಸಿದವರು. ತಂದೆ ಬೇಗ ತೀರಿಕೊಂಡರು.

ಶಾಲೆಯಲ್ಲಿ ಹಾಲೆರಿತ್ ಅವರಿಗೆ ಕಾಗುಣಿತವೆಂದರೆ ಆಗುತ್ತಿರಲಿಲ್ಲ. ಕಾಗುಣಿತದ ಪಾಠ ಬಂದಾಗ ತರಗತಿಯಿಂದ ತಪ್ಪಿಸಿಕೊಂಡು ಓಡುತ್ತಿದ್ದರು, ಒಮ್ಮೆ ಕಿಟಕಿಯಿಂದಲೇ ಹಾರಿದರು ಎಂದು ಹೇಳುತ್ತಾರೆ. ಕೊನೆಗೆ ಅವರನ್ನು ಶಾಲೆಯಿಂದ ಬಿಡಿಸಿ ಮನೆಪಾಠ ಹೇಳಿಸಲಾಯಿತು. ಆದರೆ ಗಣಿತ ಮತ್ತು ಯಂತ್ರಗಳಲ್ಲಿ ಅವರ ಬುದ್ಧಿ ಚುರುಕಾಗಿತ್ತು. ಕೊಲಂಬಿಯಾ ಕಾಲೇಜಿನ ಗಣಿ ಶಾಲೆಯಲ್ಲಿ ಓದಿ 1879ರಲ್ಲಿ, ಕೇವಲ 19ನೇ ವಯಸ್ಸಿಗೆ, ಎಂಜಿನಿಯರ್ ಆದರು.

ಅಲ್ಲಿ ಅವರಿಗೆ ಪಾಠ ಹೇಳಿದ್ದ ಪ್ರೊಫೆಸರ್ ಟ್ರೋಬ್ರಿಜ್ ಅವರು 1880ರ ಜನಗಣತಿಯಲ್ಲಿ ಕೆಲಸ ಕೊಡಿಸಿದರು. ಕಾರ್ಖಾನೆಗಳಲ್ಲಿ ಬಳಸುವ ಹಬೆ ಮತ್ತು ನೀರಿನ ಶಕ್ತಿಯ ಅಂಕಿಅಂಶ ಕೂಡಿಸುವುದು ಹಾಲೆರಿತ್ ಅವರ ಕೆಲಸ. ಆಗ ಅಮೆರಿಕದ ಜನಸಂಖ್ಯೆ ಸುಮಾರು 5 ಕೋಟಿ. ಪ್ರತಿಯೊಬ್ಬರ ವಯಸ್ಸು, ಲಿಂಗ, ಹುಟ್ಟಿದ ಊರು, ಉದ್ಯೋಗ ಎಲ್ಲವನ್ನೂ ಗುಮಾಸ್ತರು ಕೈಯಿಂದ ಗೆರೆ ಎಳೆದು ಎಣಿಸುತ್ತಿದ್ದರು. ಒಂದು ಪ್ರಶ್ನೆಯ ಎಣಿಕೆ ಮುಗಿದರೆ ಇನ್ನೊಂದು ಪ್ರಶ್ನೆಗೆ ಅದೇ ಕಾಗದಗಳನ್ನು ಮತ್ತೆ ಮೊದಲಿನಿಂದ ತಿರುವಬೇಕು. ಆ ಗಣತಿಯ ಕೆಲಸ ಪೂರ್ತಿ ಮುಗಿಯುವ ಹೊತ್ತಿಗೆ ಮುಂದಿನ ಗಣತಿಯೇ ಹತ್ತಿರ ಬಂದಿತ್ತು.

ಅದೇ ಕಚೇರಿಯಲ್ಲಿ ಜಾನ್ ಶಾ ಬಿಲಿಂಗ್ಸ್ ಎಂಬ ಹಿರಿಯ ವೈದ್ಯರು ಆರೋಗ್ಯದ ಅಂಕಿಅಂಶಗಳನ್ನು ನೋಡಿಕೊಳ್ಳುತ್ತಿದ್ದರು. ಈ ಎಣಿಕೆಯನ್ನು ಮಾಡಲು ಒಂದು ಯಂತ್ರ ಇರಬೇಕಿತ್ತು ಎಂದು ಅವರು ಮಾತಿನ ನಡುವೆ ಹಾಲೆರಿತ್ ಅವರಿಗೆ ಹೇಳಿದರು. ಬಿಲಿಂಗ್ಸ್ ಅದನ್ನು ಅಲ್ಲಿಗೇ ಬಿಟ್ಟರು. ಹಾಲೆರಿತ್ ಬಿಡಲಿಲ್ಲ.

ಕಾಗದದ ಸುರುಳಿಯಿಂದ ಕಾರ್ಡಿಗೆ

1882ರಲ್ಲಿ ಹಾಲೆರಿತ್ ಅವರು ಬಾಸ್ಟನ್ ಬಳಿಯ ಪ್ರಸಿದ್ಧ ತಾಂತ್ರಿಕ ಸಂಸ್ಥೆ ಎಂಐಟಿಯಲ್ಲಿ ಅಧ್ಯಾಪಕರಾದರು. ಪಾಠ ಹೇಳುವುದು ಅವರಿಗೆ ಒಗ್ಗಲಿಲ್ಲ. ಮರುವರ್ಷ ವಾಷಿಂಗ್ಟನ್ನಿನ ಪೇಟೆಂಟ್ ಕಚೇರಿ ಸೇರಿದರು. ಅಲ್ಲಿ ಸ್ವಲ್ಪ ಕಾಲ ಇದ್ದು ಪೇಟೆಂಟ್ ಎಂದರೇನು, ಅದನ್ನು ಹೇಗೆ ಬರೆಯಬೇಕು ಎಂದು ಕಲಿತು ಹೊರಬಂದರು. 1884ರಲ್ಲಿ ತಮ್ಮದೇ ಯಂತ್ರಕ್ಕೆ ಮೊದಲ ಅರ್ಜಿ ಹಾಕಿದರು.

ಆ ಮೊದಲ ಯಂತ್ರದಲ್ಲಿ ಕಾರ್ಡ್ ಇರಲಿಲ್ಲ. ಉದ್ದನೆಯ ಕಾಗದದ ಸುರುಳಿ ಇತ್ತು. ಪ್ರತಿ ವ್ಯಕ್ತಿಯ ವಿವರವನ್ನು ಸುರುಳಿಯ ಅಡ್ಡಕ್ಕೆ ತೂತುಗಳಾಗಿ ಕೊರೆಯಬೇಕು. ತೂತು ಇದ್ದ ಕಡೆ ವಿದ್ಯುತ್ ಹರಿದು ಎಣಿಕೆಯ ಮುಳ್ಳು ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಯೋಜನೆ ಸರಿಯಾಗಿಯೇ ಇತ್ತು, ಆದರೆ ಒಂದು ತೊಡಕಿತ್ತು. ಸುರುಳಿಯ ಮಧ್ಯದಲ್ಲಿರುವ ಒಬ್ಬರ ವಿವರ ಬೇಕಾದರೆ ಇಡೀ ಸುರುಳಿ ಓಡಿಸಬೇಕು. ವಯಸ್ಸಿನ ಪ್ರಕಾರ ಜೋಡಿಸಿದ್ದನ್ನು ಉದ್ಯೋಗದ ಪ್ರಕಾರ ಜೋಡಿಸಲು ಸಾಧ್ಯವೇ ಇಲ್ಲ.

ಆ ದಿನಗಳಲ್ಲಿ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುವ ಕಂಡಕ್ಟರ್‌ಗಳು ಪ್ರಯಾಣಿಕರ ಕೂದಲಿನ ಬಣ್ಣ, ಕಣ್ಣು, ಮೂಗು ಇತ್ಯಾದಿ ಗುರುತುಗಳನ್ನು ಟಿಕೆಟ್ ಮೇಲೆ ತೂತು ಹೊಡೆದು ದಾಖಲಿಸುತ್ತಿದ್ದರು. ಒಬ್ಬರ ಟಿಕೆಟನ್ನು ಇನ್ನೊಬ್ಬರು ಬಳಸಬಾರದು ಎಂಬುದು ಉದ್ದೇಶ. ಇದನ್ನು ಹಾಲೆರಿತ್ ರೈಲು ಪ್ರಯಾಣದಲ್ಲಿ ಗಮನಿಸಿದ್ದರು. ಒಬ್ಬ ವ್ಯಕ್ತಿಗೆ ಒಂದು ಕಾರ್ಡ್ ಎಂಬ ತೀರ್ಮಾನಕ್ಕೆ ಬಂದರು. ಕಾರ್ಡುಗಳನ್ನು ಬೇಕಾದಂತೆ ವಿಂಗಡಿಸಬಹುದು, ಮತ್ತೆ ಸೇರಿಸಬಹುದು, ಒಂದನ್ನು ತೆಗೆದು ಇನ್ನೊಂದನ್ನು ಇಡಬಹುದು.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಸುರುಳಿಯನ್ನು ಅವರು ಪೂರ್ತಿಯಾಗಿ ಕೈಬಿಟ್ಟರು. ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಏಕೆಂದರೆ ಆಗ ಯಾವ ಕಚೇರಿಯ ಬೀರುವಿನಲ್ಲೂ ಹಾಲೆರಿತ್ ಸುರುಳಿಗಳು ತುಂಬಿರಲಿಲ್ಲ. ಜನರು ನಂಬಿ ತಮ್ಮ ದಾಖಲೆ ತುಂಬುವ ಮೊದಲು ಏನನ್ನು ಬೇಕಾದರೂ ಬದಲಿಸಬಹುದು. ತುಂಬಿದ ಮೇಲೆ ಆ ಸ್ವಾತಂತ್ರ್ಯ ಇರುವುದಿಲ್ಲ.

ಕಾರ್ಡಿನ ಮೊದಲ ಪರೀಕ್ಷೆ ಬಾಲ್ಟಿಮೋರ್ ನಗರದ ಮರಣದ ಅಂಕಿಅಂಶಗಳ ಮೇಲೆ ನಡೆಯಿತು. ಹಾಲೆರಿತ್ ತಾವೇ ಕುಳಿತು ಕಂಡಕ್ಟರ್ ಬಳಸುವ ಕೈ ಪಂಚಿನಿಂದ ಸಾವಿರಾರು ತೂತುಗಳನ್ನು ಹೊಡೆದರು. ಕೈ ಸೋತು ಹೋಯಿತು. ಆ ಪಂಚು ಕಾರ್ಡಿನ ಅಂಚನ್ನು ಮಾತ್ರ ಮುಟ್ಟುತ್ತಿದ್ದರಿಂದ ಮಧ್ಯದ ಜಾಗ ವ್ಯರ್ಥವಾಗುತ್ತಿತ್ತು. ಈ ಅನುಭವದಿಂದ ಅವರು ಕಾರ್ಡಿನ ಯಾವ ಜಾಗಕ್ಕೆ ಬೇಕಾದರೂ ಸುಲಭವಾಗಿ ತೂತು ಹೊಡೆಯುವ ಮೇಜಿನ ಪಂಚನ್ನು ತಯಾರಿಸಿದರು.

1890ರ ಜನಗಣತಿ

ಮುಂದಿನ ಗಣತಿಗೆ ಯಾವ ವಿಧಾನ ಬಳಸಬೇಕು ಎಂದು ತೀರ್ಮಾನಿಸಲು 1889ರಲ್ಲಿ ಸ್ಪರ್ಧೆ ನಡೆಯಿತು. ಸೇಂಟ್ ಲೂಯಿಸ್ ನಗರದ ಸುಮಾರು ಹತ್ತು ಸಾವಿರ ಜನರ ಹಳೆಯ ದಾಖಲೆಯನ್ನು ಮೂವರಿಗೆ ಕೊಡಲಾಯಿತು. ಮಾಹಿತಿ ತುಂಬಿಸಿದ ಮೇಲೆ ಎಣಿಸಿ ಪಟ್ಟಿ ಮಾಡಲು ಉಳಿದ ಇಬ್ಬರಿಗೆ ಸುಮಾರು 45 ಮತ್ತು 55 ಗಂಟೆ ಬೇಕಾಯಿತು. ಹಾಲೆರಿತ್ ಯಂತ್ರ ಸುಮಾರು ಐದೂವರೆ ಗಂಟೆಯಲ್ಲಿ ಮುಗಿಸಿತು. ಗುತ್ತಿಗೆ ಅವರಿಗೇ ಸಿಕ್ಕಿತು. ಅದೇ ವರ್ಷದ ಜನವರಿ 8ರಂದು ಅವರ ಮುಖ್ಯ ಪೇಟೆಂಟುಗಳೂ ಮಂಜೂರಾಗಿದ್ದವು.

ಯಂತ್ರ ಕೆಲಸ ಮಾಡುತ್ತಿದ್ದದ್ದು ಹೀಗೆ. ಕಾರ್ಡನ್ನು ಒಂದು ತಟ್ಟೆಯ ಮೇಲೆ ಇಟ್ಟು ಹಿಡಿಕೆಯನ್ನು ಕೆಳಗೆ ಒತ್ತಬೇಕು. ಸ್ಪ್ರಿಂಗ್ ಇರುವ ಸೂಜಿಗಳು ಕಾರ್ಡಿನ ಮೇಲೆ ಇಳಿಯುತ್ತವೆ. ತೂತು ಇಲ್ಲದ ಕಡೆ ಸೂಜಿ ನಿಲ್ಲುತ್ತದೆ. ತೂತು ಇರುವ ಕಡೆ ಸೂಜಿ ಕೆಳಗಿಳಿದು ಚಿಕ್ಕ ಬಟ್ಟಲಿನಲ್ಲಿರುವ ಪಾದರಸವನ್ನು ಮುಟ್ಟುತ್ತದೆ. ಆಗ ವಿದ್ಯುತ್ ಹರಿದು ಎದುರಿನ ಹಲಗೆಯಲ್ಲಿರುವ ಗಡಿಯಾರದಂಥ ಡಯಲ್‌ಗಳಲ್ಲಿ ಮುಳ್ಳು ಮುಂದಕ್ಕೆ ಹೋಗುತ್ತದೆ. ಅಂಥ 40 ಡಯಲ್‌ಗಳಿದ್ದವು. ಪಕ್ಕದಲ್ಲಿ ಒಂದು ವಿಂಗಡಣೆ ಪೆಟ್ಟಿಗೆ ಇತ್ತು. ಕಾರ್ಡಿಗೆ ಸರಿಯಾದ ಖಾನೆಯ ಮುಚ್ಚಳ ತಾನೇ ತೆರೆದುಕೊಳ್ಳುತ್ತಿತ್ತು. ಗುಮಾಸ್ತರು ಕಾರ್ಡನ್ನು ಅದರಲ್ಲಿ ಹಾಕಿ ಮುಚ್ಚುತ್ತಿದ್ದರು.

ಗಣತಿ ನಡೆದ ಕೆಲವೇ ತಿಂಗಳಲ್ಲಿ ಒಟ್ಟು ಜನಸಂಖ್ಯೆ ಸುಮಾರು 6 ಕೋಟಿ 26 ಲಕ್ಷ ಎಂದು ಪ್ರಕಟವಾಯಿತು. ಇನ್ನೂ ಹೆಚ್ಚು ಇರಬೇಕಿತ್ತು ಎಂದು ಕೆಲವರು ಯಂತ್ರದ ಮೇಲೆಯೇ ಅನುಮಾನಪಟ್ಟರು. ಆದರೆ ಈ ಬಾರಿ ಹಿಂದೆಂದೂ ಮಾಡಲಾಗದಷ್ಟು ವಿವರವಾದ ಪಟ್ಟಿಗಳು ಬೇಗ ಹೊರಬಂದವು. 1890ರಲ್ಲಿಯೇ ಕೊಲಂಬಿಯಾ ಹಾಲೆರಿತ್ ಅವರಿಗೆ ಡಾಕ್ಟರೇಟ್ ಕೊಟ್ಟಿತು. ಅದೇ ವರ್ಷ ಲೂಸಿಯಾ ಟಾಲ್ಕಟ್ ಅವರೊಂದಿಗೆ ವಿವಾಹವಾಯಿತು. ಮುಂದೆ ಅವರಿಗೆ ಮೂವರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಆಸ್ಟ್ರಿಯಾ, ಕೆನಡಾ, ನಾರ್ವೆ ದೇಶಗಳೂ, 1897ರಲ್ಲಿ ರಷ್ಯಾವೂ ತಮ್ಮ ಗಣತಿಗೆ ಹಾಲೆರಿತ್ ಯಂತ್ರವನ್ನು ಬಳಸಿದವು.

ರೈಲ್ವೆ ಲೆಕ್ಕ ಮತ್ತು ಪ್ಲಗ್ ಬೋರ್ಡ್

ವಾಣಿಜ್ಯ ವಿದ್ಯಾರ್ಥಿಗಳಾದ ನಮಗೆ ಮುಖ್ಯವಾದ ಭಾಗ ಇಲ್ಲಿಂದ ಆರಂಭ. ಜನಗಣತಿ ಹತ್ತು ವರ್ಷಕ್ಕೊಮ್ಮೆ ಬರುತ್ತದೆ. ಉಳಿದ ವರ್ಷಗಳಲ್ಲಿ ಯಂತ್ರಗಳಿಗೆ ಕೆಲಸವಿಲ್ಲ, ಮಾಲೀಕರಿಗೆ ಆದಾಯವಿಲ್ಲ. ಹಾಲೆರಿತ್ ಹಣದ ತೊಂದರೆಗೆ ಸಿಕ್ಕಿಕೊಂಡರು. ಪ್ರತಿ ತಿಂಗಳೂ ಲೆಕ್ಕ ಬೇಕಾಗುವ ಗಿರಾಕಿ ಅವರಿಗೆ ಬೇಕಾಗಿತ್ತು. ಅಂಥ ಗಿರಾಕಿ ನ್ಯೂಯಾರ್ಕ್ ಸೆಂಟ್ರಲ್ ರೈಲ್ವೆ. ಅಲ್ಲಿ ವರ್ಷಕ್ಕೆ ಲಕ್ಷಾಂತರ ಸರಕು ಸಾಗಣೆಯ ವೇ ಬಿಲ್‌ಗಳು ಬರುತ್ತಿದ್ದವು.

ಆದರೆ ರೈಲ್ವೆಗೆ ಬೇಕಾದದ್ದು ಎಣಿಕೆ ಅಲ್ಲ, ಸಂಕಲನ. ಜನಗಣತಿಯಲ್ಲಿ ಒಬ್ಬರಿಗೆ ಒಂದು ಎಂದು ಕೂಡಿದರೆ ಸಾಕು. ಸರಕಿನ ಲೆಕ್ಕದಲ್ಲಿ ತೂಕ ಎಷ್ಟು, ಬಾಡಿಗೆ ಎಷ್ಟು ಎಂಬ ಮೊತ್ತಗಳನ್ನು ಕೂಡಬೇಕು. ಮೊದಲ ಪ್ರಯತ್ನ ರೈಲ್ವೆಯವರಿಗೆ ಸಮಾಧಾನ ತರಲಿಲ್ಲ. ಹಾಲೆರಿತ್ ಯಂತ್ರವನ್ನು ಮತ್ತೆ ರೂಪಿಸಿದರು, ಕಾರ್ಡಿನ ವಿನ್ಯಾಸವನ್ನೂ ಬದಲಿಸಿದರು. ಗಣತಿಯ ಕಾರ್ಡಿನಲ್ಲಿ ಒಂದೊಂದು ಮೂಲೆ ಒಂದೊಂದು ಪ್ರಶ್ನೆಗೆ ಮೀಸಲಾಗಿತ್ತು. ಹೊಸ ಕಾರ್ಡಿನಲ್ಲಿ ಉದ್ದನೆಯ ಕಾಲಂಗಳು ಬಂದವು. ಪ್ರತಿ ಕಾಲಂನಲ್ಲಿ 0ಯಿಂದ 9ರವರೆಗೆ ಜಾಗ. 4ರ ಜಾಗದಲ್ಲಿ ತೂತಿದ್ದರೆ ಆ ಅಂಕಿ 4. ನಮ್ಮ ಲೆಕ್ಕದ ಪುಸ್ತಕದಲ್ಲಿ ಬಿಡಿ, ಹತ್ತು, ನೂರರ ಮನೆಗಳಿದ್ದಂತೆ. ಈಗ ಯಾವ ವ್ಯಾಪಾರದ ಯಾವ ಸಂಖ್ಯೆಯನ್ನು ಬೇಕಾದರೂ ಕಾರ್ಡಿನಲ್ಲಿ ಬರೆಯಬಹುದಾಯಿತು. 1896ರಲ್ಲಿ ರೈಲ್ವೆಯ ಗುತ್ತಿಗೆ ಸಿಕ್ಕಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರು ಟ್ಯಾಬ್ಯುಲೇಟಿಂಗ್ ಮೆಷಿನ್ ಕಂಪನಿ ಸ್ಥಾಪಿಸಿದರು. ಯಂತ್ರಗಳನ್ನು ಮಾರದೆ ಬಾಡಿಗೆಗೆ ಕೊಡುವುದು, ಕಾರ್ಡುಗಳನ್ನು ಮಾರುವುದು ಅವರ ವ್ಯಾಪಾರದ ರೀತಿ. ಯಂತ್ರ ಇರುವವರೆಗೂ ಬಾಡಿಗೆ ಬರುತ್ತದೆ, ಕೆಲಸ ನಡೆಯುವವರೆಗೂ ಕಾರ್ಡ್ ಖರ್ಚಾಗುತ್ತದೆ.

ಈಗ ಇನ್ನೊಂದು ಸಮಸ್ಯೆ. ಹಳೆಯ ಯಂತ್ರದ ತಂತಿಗಳು ಒಂದು ಕೆಲಸಕ್ಕೆಂದೇ ಬೆಸುಗೆ ಹಾಕಿದವು. ಬೇರೆ ಪಟ್ಟಿ ಬೇಕಾದರೆ ತಂತಿಗಳನ್ನು ಬಿಚ್ಚಿ ಮತ್ತೆ ಜೋಡಿಸಬೇಕು. 1906ರ ಸುಮಾರಿಗೆ ಹಾಲೆರಿತ್ ಯಂತ್ರಕ್ಕೆ ಪ್ಲಗ್ ಬೋರ್ಡ್ ಸೇರಿಸಿದರು. ಹಳೆಯ ಟೆಲಿಫೋನ್ ವಿನಿಮಯ ಕೇಂದ್ರದಲ್ಲಿ ತಂತಿ ಚುಚ್ಚುವಂತೆ, ಯಾವ ಕಾಲಂ ಯಾವ ಎಣಿಕೆಗೆ ಹೋಗಬೇಕು ಎಂದು ತಂತಿ ಚುಚ್ಚಿ ಹೇಳಬಹುದು.

ನನಗೆ ಅವರ ಇಡೀ ಜೀವನದಲ್ಲಿ ಅತಿ ಮುಖ್ಯವಾಗಿ ಕಂಡದ್ದು ಇದೇ. ಇಂದು ನಾವು ಕಾನ್ಫಿಗರೇಷನ್ ಎನ್ನುತ್ತೇವಲ್ಲ, ಅದು ಆ ಪ್ಲಗ್ ಬೋರ್ಡ್. ಕೂಡಿಟ್ಟ ಮಾಹಿತಿ ಎಂದರೆ ಕಾರ್ಡು. ಎರಡನ್ನೂ ಅವರು ಬೇರೆ ಬೇರೆ ಮಾಡಿದರು. ತಂತಿಗಳನ್ನು ದಿನಕ್ಕೆ ಹತ್ತು ಸಲ ಬದಲಿಸಿ, ಕಾರ್ಡಿನ ಒಂದು ತೂತೂ ಬದಲಾಗುವುದಿಲ್ಲ. ಕಳೆದ ವರ್ಷದ ಕಾರ್ಡು ಈ ವರ್ಷದ ಜೋಡಣೆಯಲ್ಲೂ ಅದೇ ಮೊತ್ತ ಹೇಳುತ್ತದೆ.

ಜಗಳ, ಮಾರಾಟ, ಕೊನೆಯ ದಿನಗಳು

ಹಾಲೆರಿತ್ ಹಟಮಾರಿ ಸ್ವಭಾವದವರು. 1905ರ ಹೊತ್ತಿಗೆ ಬಾಡಿಗೆಯ ದರದ ಬಗ್ಗೆ ಜನಗಣತಿ ಕಚೇರಿಯೊಂದಿಗೆ ಜಗಳವಾಯಿತು. ಸರ್ಕಾರ ತನ್ನದೇ ಯಂತ್ರ ತಯಾರಿಸಲು ಹೊರಟಿತು. ಅಲ್ಲಿ ಕೆಲಸ ಮಾಡಿದ ಜೇಮ್ಸ್ ಪವರ್ಸ್ ಮುಂದೆ ಅವರ ದೊಡ್ಡ ಪ್ರತಿಸ್ಪರ್ಧಿಯಾದರು. ಪವರ್ಸ್ ಯಂತ್ರಗಳು ಮೊತ್ತವನ್ನು ಕಾಗದದ ಮೇಲೆ ಮುದ್ರಿಸಿ ಕೊಡುವ ಮಟ್ಟಕ್ಕೆ ಬಂದವು. ಹಾಲೆರಿತ್ ಯಂತ್ರದಲ್ಲಿ ಇನ್ನೂ ಡಯಲ್ ನೋಡಿ ಗುಮಾಸ್ತರೇ ಬರೆದುಕೊಳ್ಳಬೇಕಾಗಿತ್ತು. ಹಳೆಯದನ್ನು ಕಾಪಾಡುವುದು ಎಂದರೆ ಹೊಸದನ್ನು ಬೇಡ ಎನ್ನುವುದಲ್ಲ. ಈ ವಿಷಯದಲ್ಲಿ ಅವರು ಹಿಂದೆ ಬಿದ್ದರು ಎಂದೇ ಹೇಳಬೇಕು.

1911ರಲ್ಲಿ ಹಾಲೆರಿತ್ ತಮ್ಮ ಕಂಪನಿಯನ್ನು ಮಾರಿದರು. ತಕ್ಕಡಿ ತಯಾರಿಸುವ ಮತ್ತು ಕೆಲಸಗಾರರ ಹಾಜರಿ ಗಡಿಯಾರ ತಯಾರಿಸುವ ಕಂಪನಿಗಳ ಜೊತೆ ಅದು ವಿಲೀನವಾಗಿ ಕಂಪ್ಯೂಟಿಂಗ್ ಟ್ಯಾಬ್ಯುಲೇಟಿಂಗ್ ರೆಕಾರ್ಡಿಂಗ್ ಕಂಪನಿಯಾಯಿತು. ಹಾಲೆರಿತ್ ಅವರ ಪಾಲಿಗೆ ಸುಮಾರು 12 ಲಕ್ಷ ಡಾಲರ್ ಬಂತು. 1914ರಲ್ಲಿ ಥಾಮಸ್ ವಾಟ್ಸನ್ ಆ ಕಂಪನಿಯ ಆಡಳಿತ ವಹಿಸಿಕೊಂಡರು. 1924ರಲ್ಲಿ ಅದರ ಹೆಸರು ಐಬಿಎಂ ಎಂದಾಯಿತು. ಹಾಲೆರಿತ್ ಕೆಲವು ವರ್ಷ ಸಲಹೆಗಾರರಾಗಿದ್ದು ನಂತರ ಕೃಷಿ, ಹಸು ಸಾಕಣೆ, ದೋಣಿ ಎಂದು ಕಾಲ ಕಳೆದರು. 1929ರ ನವೆಂಬರ್ 17ರಂದು ವಾಷಿಂಗ್ಟನ್ನಿನಲ್ಲಿ ಹೃದಯಾಘಾತದಿಂದ ನಿಧನರಾದರು.

80 ಕಾಲಂಗಳ ಕಾರ್ಡು

ಅವರು ತೀರಿಕೊಳ್ಳುವ ಒಂದು ವರ್ಷ ಮೊದಲು, 1928ರಲ್ಲಿ, ಐಬಿಎಂ ಒಂದು ದೊಡ್ಡ ಬದಲಾವಣೆ ಮಾಡಿತು. ಅಲ್ಲಿಯವರೆಗೆ ಕಾರ್ಡಿನಲ್ಲಿ 45 ಕಾಲಂಗಳು, ದುಂಡನೆಯ ತೂತುಗಳು. ಗಿರಾಕಿಗಳಿಗೆ ಹೆಚ್ಚು ಜಾಗ ಬೇಕಾಗಿತ್ತು. ಕಾರ್ಡನ್ನೇ ದೊಡ್ಡದು ಮಾಡುವುದು ಸುಲಭದ ಉಪಾಯ. ಆದರೆ ಹಾಗೆ ಮಾಡಿದರೆ ದೇಶದ ತುಂಬ ಇರುವ ಬೀರುಗಳು, ಟ್ರೇಗಳು ಎಲ್ಲವೂ ನಿರುಪಯೋಗಿ. ಕ್ಲೇರ್ ಲೇಕ್ ಎಂಬ ಎಂಜಿನಿಯರ್ ತೂತನ್ನು ದುಂಡಗಿನಿಂದ ಕಿರಿದಾದ ಆಯತಾಕಾರಕ್ಕೆ ಬದಲಿಸಿದರು. ಅದೇ ಅಳತೆಯ ಕಾರ್ಡಿನಲ್ಲಿ 80 ಕಾಲಂಗಳು ಹಿಡಿದವು. ಕಾರ್ಡು ಓದುವ ಭಾಗ ಬದಲಾಗಬೇಕಾಯಿತು, ನಿಜ. ಆದರೆ ಕಾರ್ಡಿನ ಹೊರ ಅಳತೆಯೂ, ಒಂದು ಕಾಲಂನಲ್ಲಿ ಒಂದು ತೂತು ಒಂದು ಅಂಕಿ ಎಂಬ ಅರ್ಥವೂ ಹಾಗೆಯೇ ಉಳಿದವು.

ಪ್ರತಿಸ್ಪರ್ಧಿ ರೆಮಿಂಗ್ಟನ್ ರ‍್ಯಾಂಡ್ ಕಂಪನಿ 1930ರಲ್ಲಿ ಕಾರ್ಡನ್ನು ಮೇಲೆ ಕೆಳಗೆ ಎರಡು ಭಾಗ ಮಾಡಿ 90 ಕಾಲಂ ತಂದಿತು. ಜಾಗ ಐಬಿಎಂಗಿಂತ ಹೆಚ್ಚು ಸಿಕ್ಕಿತು. ಆದರೆ ಅದಕ್ಕಾಗಿ ತೂತುಗಳ ಅರ್ಥವನ್ನೇ ಬದಲಿಸಬೇಕಾಯಿತು. ಕೆಲವು ಅಂಕಿಗಳಿಗೆ ಎರಡು ತೂತು ಬೇಕಾದವು. ಹೆಚ್ಚು ಕಾಲ ಹೆಚ್ಚು ಕಡೆ ಉಳಿದದ್ದು 80 ಕಾಲಂಗಳ ಕಾರ್ಡೇ.

ಸಂಖ್ಯೆಗಳ ಜೊತೆಗೆ ಅಕ್ಷರಗಳೂ ಬೇಕಾದಾಗ ಇದೇ ಎಚ್ಚರಿಕೆ ವಹಿಸಲಾಯಿತು. ಅಂಕಿಗಳ ಒಂಟಿ ತೂತುಗಳನ್ನು ಮುಟ್ಟಲಿಲ್ಲ. ಒಂದೇ ಕಾಲಂನಲ್ಲಿ ಎರಡು ತೂತು ಬಿದ್ದರೆ ಅದು ಅಕ್ಷರ ಎಂದು ತೀರ್ಮಾನಿಸಿದರು. ಹಿಂದಿನ ಅಂಕಿಗಳ ಕಾರ್ಡಿಗೆ ಯಾವ ಧಕ್ಕೆಯೂ ಆಗಲಿಲ್ಲ. 1964ರಲ್ಲಿ ಐಬಿಎಂ ಸಿಸ್ಟಮ್ 360 ಎಂಬ ಕಂಪ್ಯೂಟರ್ ಸರಣಿ ತಂದಾಗ ಅದರ ಅಕ್ಷರ ಸಂಕೇತವನ್ನೂ ಕಾರ್ಡಿನ ತೂತುಗಳಿಗೆ ಹೊಂದುವಂತೆ ಮಾಡಿದರು. ಅದಕ್ಕಾಗಿಯೇ ಆ ಸಂಕೇತದಲ್ಲಿ ಐ ಅಕ್ಷರದ ನಂತರ ಜೆ ತಕ್ಷಣ ಬರುವುದಿಲ್ಲ, ಮಧ್ಯೆ ಕೆಲವು ಜಾಗ ಬಿಟ್ಟಿದೆ.

ಇಲ್ಲದ ಕಾರ್ಡ್ ರೀಡರ್

ಇಲ್ಲಿಂದ ಮುಂದಿನದನ್ನು ನಮ್ಮ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಉಪನ್ಯಾಸಕರನ್ನು ಕೇಳಿ ತಿಳಿದುಕೊಂಡೆ.

1972ರಲ್ಲಿ ಐಬಿಎಂ ವಿಎಂ 370 ಎಂಬ ವ್ಯವಸ್ಥೆ ತಂದಿತು. ಒಂದೇ ದೊಡ್ಡ ಕಂಪ್ಯೂಟರಿನಲ್ಲಿ ಹಲವರು ಕೆಲಸ ಮಾಡಬಹುದು. ಪ್ರತಿಯೊಬ್ಬರಿಗೂ ತಮಗೇ ಒಂದು ಪೂರ್ಣ ಕಂಪ್ಯೂಟರ್ ಇದ್ದಂತೆ ಕಾಣುತ್ತದೆ. ಇದನ್ನು ವರ್ಚುವಲ್ ಯಂತ್ರ ಎನ್ನುತ್ತಾರೆ. ಆಗಿನ ಪ್ರೋಗ್ರಾಂಗಳು ಕಾರ್ಡ್ ರೀಡರ್, ಕಾರ್ಡ್ ಪಂಚ್, ಪ್ರಿಂಟರ್ ಇವೆ ಎಂದು ನಂಬಿಕೊಂಡೇ ಬರೆದವು. ಎಲ್ಲರಿಗೂ ನಿಜವಾದ ರೀಡರ್ ಕೊಡಲು ಸಾಧ್ಯವಿಲ್ಲ. ಪ್ರೋಗ್ರಾಂಗಳನ್ನೆಲ್ಲ ಮತ್ತೆ ಬರೆಯಿರಿ ಎನ್ನಲೂ ಆಗುವುದಿಲ್ಲ. ಆದ್ದರಿಂದ ಪ್ರತಿ ವರ್ಚುವಲ್ ಯಂತ್ರಕ್ಕೂ ಒಂದು ವರ್ಚುವಲ್ ಕಾರ್ಡ್ ರೀಡರ್ ಕೊಟ್ಟರು. ಅದು ಕಬ್ಬಿಣದಲ್ಲಿ ಇಲ್ಲ, ಪ್ರೋಗ್ರಾಂನ ಕಣ್ಣಿಗೆ ಮಾತ್ರ ಇದೆ. ಕಾರ್ಡುಗಳು ಡಿಸ್ಕಿನಲ್ಲಿ 80 ಅಕ್ಷರಗಳ ಸಾಲುಗಳಾಗಿ ಕುಳಿತಿರುತ್ತವೆ.

ಇದರ ಇಂದಿನ ರೂಪ ಝಡ್ ವಿಎಂ. ಇಂದಿಗೂ ಅದರ ಕಾನ್ಫಿಗರೇಷನ್ನಿನಲ್ಲಿ ರೀಡರಿನ ಸಂಖ್ಯೆ 00ಸಿ, ಪಂಚಿನ ಸಂಖ್ಯೆ 00ಡಿ, ಪ್ರಿಂಟರಿನದು 00ಇ. ರೀಡರಿನ ಮಾದರಿಯ ಜಾಗದಲ್ಲಿ 2540 ಎಂದು ಬರೆಯುತ್ತಾರೆ. ಅದು 1960ರ ದಶಕದ ನಿಜವಾದ ಕಾರ್ಡ್ ಯಂತ್ರದ ಮಾದರಿ ಸಂಖ್ಯೆ. ಈ ವ್ಯವಸ್ಥೆಯಲ್ಲಿ ಲಿನಕ್ಸ್ ಹಾಕುವಾಗ ಅದರ ಕಡತಗಳನ್ನು ವರ್ಚುವಲ್ ಪಂಚಿನಿಂದ ವರ್ಚುವಲ್ ರೀಡರಿಗೆ ಕಳುಹಿಸಿ, 00ಸಿಯಿಂದಲೇ ಯಂತ್ರವನ್ನು ಆರಂಭಿಸುವುದು ಸಾಮಾನ್ಯ ವಿಧಾನ. 1991ರಲ್ಲಿ ಹುಟ್ಟಿದ ಲಿನಕ್ಸ್, ಎಲ್ಲಿಯೂ ಇಲ್ಲದ ಹಾಲೆರಿತ್ ಕಾರ್ಡುಗಳಿಂದ ಎದ್ದು ನಿಲ್ಲುತ್ತದೆ!

ಡಿಸ್ಕುಗಳ ಕಥೆಯೂ ಹೀಗೆಯೇ. 1989ರಲ್ಲಿ ಐಬಿಎಂ 3390 ಎಂಬ ಡಿಸ್ಕ್ ತಂದಿತ್ತು. ಇಂದಿನ ಸಂಗ್ರಹ ಪೆಟ್ಟಿಗೆಗಳ ಒಳಗೆ ಬೇರೆಯೇ ತಂತ್ರಜ್ಞಾನವಿದೆ, ಆದರೆ ಹೊರಗಿನ ಪ್ರೋಗ್ರಾಂಗಳಿಗೆ ಅವು 3390 ಡಿಸ್ಕಿನಂತೆಯೇ ಕಾಣುತ್ತವೆ. ಈ ಡಿಸ್ಕಿನಲ್ಲಿ ಪ್ರತಿ ಜಾಗಕ್ಕೂ ಒಂದು ವಿಳಾಸ. ವಿಳಾಸದಲ್ಲಿ ಎರಡು ಭಾಗ: ಸಿಲಿಂಡರ್ ಸಂಖ್ಯೆ, ಅದರೊಳಗಿನ ಟ್ರ್ಯಾಕ್ ಸಂಖ್ಯೆ. ಎರಡಕ್ಕೂ ಸಮನಾದ ಜಾಗ. ಸಿಲಿಂಡರಿಗೆ ಕೊಟ್ಟ ಜಾಗದಲ್ಲಿ ಸುಮಾರು 65 ಸಾವಿರದವರೆಗೆ ಮಾತ್ರ ಬರೆಯಬಹುದು. ಡಿಸ್ಕುಗಳು ಅದಕ್ಕಿಂತ ದೊಡ್ಡದಾಗಬೇಕಾದಾಗ ಏನು ಮಾಡುವುದು?

ನಮ್ಮ ಭಾಷೆಯಲ್ಲಿ ಹೇಳುತ್ತೇನೆ. ಒಂದು ನಮೂನೆಯಲ್ಲಿ ಎರಡು ಖಾನೆಗಳಿವೆ ಎಂದುಕೊಳ್ಳಿ, ಪ್ರತಿಯೊಂದರಲ್ಲೂ ನಾಲ್ಕು ಅಂಕಿ. ಮೊದಲನೆಯದು ಲೆಡ್ಜರಿನ ಪುಟ, ಎರಡನೆಯದು ಸಾಲು. ಪುಟ 12, ಸಾಲು 7 ಎಂದರೆ 0012, 0007. ಒಂದು ಪುಟದಲ್ಲಿ ಹದಿನೈದೇ ಸಾಲು. ಹಾಗಾಗಿ ಎರಡನೆಯ ಖಾನೆಯ ಮೊದಲ ಎರಡು ಅಂಕಿಗಳು ಯಾವಾಗಲೂ ಸೊನ್ನೆ. ಪುಟಗಳು 9999 ದಾಟಿದಾಗ ಹೆಚ್ಚಿನ ಅಂಕಿಗಳನ್ನು ಆ ಸೊನ್ನೆಗಳ ಜಾಗದಲ್ಲಿ ಬರೆಯಿರಿ. ಪುಟ 10012, ಸಾಲು 7 ಎಂದರೆ 0012, 0107. ನಮೂನೆ ದೊಡ್ಡದಾಗಲಿಲ್ಲ. ಹಳೆಯ ಪುಟಗಳ ಒಂದು ವಿಳಾಸವೂ ಬದಲಾಗಲಿಲ್ಲ. ಡಿಸ್ಕಿನಲ್ಲೂ ಒಂದು ಸಿಲಿಂಡರಿನಲ್ಲಿ ಹದಿನೈದೇ ಟ್ರ್ಯಾಕ್. 2008ರಲ್ಲಿ ಐಬಿಎಂ ಇದೇ ಉಪಾಯ ಮಾಡಿತು.

ಇನ್ನೊಂದು ಕಾವಲನ್ನೂ ಇಟ್ಟರು. ಹೊಸ ವಿಳಾಸ ಗೊತ್ತಿಲ್ಲದ ಹಳೆಯ ಪ್ರೋಗ್ರಾಂ 0107ನ್ನು ಸಾಲು 107 ಎಂದು ಓದಿಬಿಟ್ಟರೆ ಅನಾಹುತ. ಆದ್ದರಿಂದ ತನಗೆ ಹೊಸ ರೀತಿ ತಿಳಿದಿದೆ ಎಂದು ಹೇಳಿಕೊಳ್ಳದ ಪ್ರೋಗ್ರಾಂಗೆ ಹೊಸ ರೀತಿಯ ವಿವರವನ್ನು ವ್ಯವಸ್ಥೆ ಕೊಡುವುದೇ ಇಲ್ಲ. ತಪ್ಪು ಓದಿ ಮುಂದುವರಿಯುವುದಕ್ಕಿಂತ ನಿಂತುಬಿಡುವುದು ವಾಸಿ.

ನಾವು ಕಲಿಯಬೇಕಾದದ್ದು

ಸ್ನೇಹಿತರೇ, ಹಾಲೆರಿತ್ ಅವರ ಕಾರ್ಡನ್ನು ನಮ್ಮಲ್ಲಿ ಯಾರೂ ಮುಟ್ಟಿ ನೋಡಿರಲಾರೆವು. ಆದರೂ ಅದರ ಲೆಕ್ಕ ಇನ್ನೂ ನಡೆಯುತ್ತಿದೆ. ಅವರ ನಂತರ ಬಂದವರು ಮೂರು ವಿಷಯಗಳನ್ನು ಪಾಲಿಸಿದ್ದರಿಂದ ಇದು ಸಾಧ್ಯವಾಯಿತು. ಹಳೆಯ ಗುರುತಿಗೆ ಹೊಸ ಅರ್ಥ ಕೊಡಬಾರದು. ಹೊಸದನ್ನು ಖಾಲಿ ಇರುವ ಜಾಗದಲ್ಲಿ ಸೇರಿಸಬೇಕು. ಹೊಸದು ತಿಳಿಯದವರು ತಪ್ಪು ಓದದಂತೆ ತಡೆಯಬೇಕು.

ಕನ್ನಡ ಪತ್ರಿಕೆಗಳಲ್ಲಿ ಅಮಾನತು ಎಂದರೆ ನೌಕರರನ್ನು ಕೆಲಸದಿಂದ ತಾತ್ಕಾಲಿಕವಾಗಿ ದೂರ ಇಡುವುದು. ನಮ್ಮ ಮನೆಯ ಉರ್ದುವಿನಲ್ಲಿ ಅಮಾನತ್ ಎಂದರೆ ಬೇರೆಯವರು ನಂಬಿ ನಮ್ಮ ಕೈಗೆ ಒಪ್ಪಿಸಿದ ವಸ್ತು. ಅದನ್ನು ಇದ್ದ ಹಾಗೆಯೇ ಹಿಂದಿರುಗಿಸುವುದು ನಮ್ಮ ಕರ್ತವ್ಯ ಎಂದು ನಮ್ಮ ದೀನ್ ಕಲಿಸುತ್ತದೆ. ಬ್ಯಾಂಕಿನಲ್ಲಿರುವ ಒಬ್ಬ ಅಜ್ಜಿಯ ಠೇವಣಿಯ ದಾಖಲೆ, ಒಬ್ಬ ರೈತನ ಜಮೀನಿನ ದಾಖಲೆ, ನಮ್ಮ ಅಂಕಪಟ್ಟಿ ಎಲ್ಲವೂ ಯಾವುದೋ ಯಂತ್ರದಲ್ಲಿ ಅಮಾನತ್ ಆಗಿಯೇ ಇವೆ. ಯಂತ್ರ ಬದಲಾದ ದಿನ ಆ ದಾಖಲೆ ಸಿಗದಿದ್ದರೆ ಅವರು ಯಾರನ್ನು ಕೇಳಬೇಕು?

ನಾಳೆ ನಮ್ಮಲ್ಲಿ ಕೆಲವರು ಲೆಕ್ಕಿಗರಾಗುತ್ತೇವೆ, ಕೆಲವರು ಬ್ಯಾಂಕ್ ಸೇರುತ್ತೇವೆ, ಕೆಲವರು ಪ್ರೋಗ್ರಾಂ ಬರೆಯುತ್ತೇವೆ. ಹಳೆಯ ವ್ಯವಸ್ಥೆಯನ್ನು ಬದಲಿಸುವ ಕೆಲಸ ನಮ್ಮ ಕೈಗೂ ಬರುತ್ತದೆ. ಆಗ ಬದಲಿಸೋಣ, ಧೈರ್ಯವಾಗಿ ಬದಲಿಸೋಣ. ಆದರೆ ಮೊದಲು ಇದರ ಮೇಲೆ ಯಾರು ಯಾರು ನಂಬಿಕೆ ಇಟ್ಟಿದ್ದಾರೆ ಎಂದು ಎಣಿಸೋಣ. ಹಾಲೆರಿತ್ ತಮ್ಮ ಜೀವನವನ್ನೆಲ್ಲ ಕಳೆದದ್ದು ಎಣಿಸುವ ಕೆಲಸದಲ್ಲೇ.